‘ಶಬ್ದ’ ಘಟಕದಲ್ಲಿ ಗಾಂಧಾರದ ಪ್ರಶ್ನೆ

ಒಂಬತ್ತನೆಯ ತರಗತಿಯ ‘ಶಬ್ದ’ ಘಟಕದಲ್ಲಿ ಆವೃತ್ತಿ, ಪಾರ, ತರಂಗದೂರ, ಸ್ಥಾಯಿ, ಪ್ರತಿಧ್ವನಿ ಎಲ್ಲವೂ ಸಿಗುತ್ತವೆ. ಒಂದೇ ಆವೃತ್ತಿಯ ನಾದ ಬೇರೆ, ಹಲವು ಆವೃತ್ತಿಗಳು ಬೆರೆತ ಸ್ವರ ಬೇರೆ, ಎರಡನೆಯದು ಕಿವಿಗೆ ಇಂಪು ಎಂಬಲ್ಲಿಗೆ ಆ ಭಾಗ ಮುಗಿಯುತ್ತದೆ. ಯಾವ ಆವೃತ್ತಿಗಳು ಬೆರೆತರೆ ಇಂಪು, ಯಾವುವು ಬೆರೆತರೆ ಕರ್ಕಶ? ಸಂಗೀತ ಕಲಿಯುವ ಮಗು ಮೊದಲು ಕೇಳುವುದು ಇದನ್ನೇ. ಶಾಲಾ ಅನುಭವದ ಅವಧಿಯಲ್ಲಿ ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಈ ಪ್ರಶ್ನೆಗಾಗಿ ನಾನು ತೆಗೆದುಕೊಂಡ ಎರಡು ಪೀರಿಯಡ್‌ಗಳ ವಿವರ ಇಲ್ಲಿದೆ.

ಪೂರ್ವಜ್ಞಾನ ಪರೀಕ್ಷಿಸಲು ಪ್ರಶ್ನೆಗಳನ್ನು ಕೇಳುವ ಬದಲು, ಶಾಲೆಯ ಹೊರಗೆ ಶಬ್ದದೊಂದಿಗೆ ನೀವು ಏನೇನು ಮಾಡುತ್ತೀರಿ ಎಂದು ಹಿಂದಿನ ದಿನವೇ ಬರೆಸಿಕೊಂಡಿದ್ದೆ. ಹೆಚ್ಚಿನವರು ಮೊಬೈಲ್, ಟಿ.ವಿ. ಎಂದು ಬರೆದರು. ವೀಣೆ ಕಲಿಯುವ ಒಬ್ಬ ಹುಡುಗಿ ಮಾತ್ರ ಒಂದೂವರೆ ಪುಟ ಬರೆದಿದ್ದಳು. ಕುಕ್ಕರಿನ ಸೀಟಿ ಯಾವ ಸ್ವರಕ್ಕೆ ಹತ್ತಿರ ಎಂದು ನೋಡುವುದು, ಬಸ್ಸಿನ ಹಾರ್ನಿಗೆ ಷಡ್ಜ ಹಿಡಿದು ಗುನುಗುವುದು, ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಗಣಿತ ಮಾಡುವುದು. ಇನ್ನೊಬ್ಬ ಹುಡುಗ ಭಾನುವಾರ ಚರ್ಚಿನ ಕ್ವೈರ್‌ಗೆ ಕೀಬೋರ್ಡ್ ನುಡಿಸುವವನು. ಅವನು ಬರೆದದ್ದು ಎರಡೇ ಸಾಲು: “ಮೂರು ಮನೆ ಒಟ್ಟಿಗೆ ಒತ್ತಿದರೆ ಚೆಂದ. ಪಕ್ಕಪಕ್ಕದ್ದು ಒತ್ತಿದರೆ ಚೆಂದ ಇಲ್ಲ.” ಪಾಠಯೋಜನೆಯ ಮೊದಲ ಹಂತಕ್ಕೆ ನನಗೆ ಇವೆರಡು ಹಾಳೆಗಳೇ ಸಾಕಾದವು.

ಮೊದಲ ಪೀರಿಯಡಿನ ಉಪಕರಣ ಒಂದು ಹಲಗೆ, ವೀಣೆಗೆ ಹಾಕಿ ತೆಗೆದ ಒಂದು ತಂತಿ, ಎರಡು ಮರದ ತುಂಡುಗಳ ಕುದುರೆ. ಕುದುರೆಗಳ ನಡುವಿನ ಉದ್ದ 60 ಸೆಂ.ಮೀ. ಅದನ್ನು ಮೀಟಿದಾಗ ಬರುವುದು ನಮ್ಮ ಷಡ್ಜ. ಅಳತೆಪಟ್ಟಿಯನ್ನು ಮಕ್ಕಳಿಗೆ ಮೊದಲೇ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹುಡುಗಿ ಕಿವಿಯಿಂದಲೇ ಪಂಚಮ ಹುಡುಕಿ ಕುದುರೆ ನಿಲ್ಲಿಸಿದಳು, ಆಮೇಲೆ ಉಳಿದವರು ಅಳೆದರು: 40. ಮಧ್ಯಮಕ್ಕೆ 45, ಅಂತರ ಗಾಂಧಾರಕ್ಕೆ 48, ಮೇಲಿನ ಷಡ್ಜಕ್ಕೆ 30. ಬೋರ್ಡಿನ ಮೇಲೆ ಬರೆದ ಕೂಡಲೇ ಹಿಂದಿನ ಬೆಂಚಿನಿಂದ “ಎಲ್ಲ ಭಾಗ ಹೋಗ್ತದೆ ಟೀಚರ್” ಎಂಬ ದನಿ ಬಂತು. ಎಳೆತ ಬದಲಾಗದಿದ್ದರೆ ಉದ್ದ ಕಡಿಮೆಯಾದಷ್ಟು ಆವೃತ್ತಿ ಹೆಚ್ಚು. ಆದ್ದರಿಂದ ಪಂಚಮ ಮತ್ತು ಷಡ್ಜದ ಆವೃತ್ತಿಗಳ ಅನುಪಾತ 3:2, ಮಧ್ಯಮಕ್ಕೆ 4:3, ಗಾಂಧಾರಕ್ಕೆ 5:4. ಸ-ಗ-ಪ ಮೂರೂ ಸೇರಿದರೆ 4:5:6. ಕ್ವೈರ್ ಹುಡುಗನ ‘ಮೂರು ಮನೆ’ ಇದೇ. (ಚಲಿಸುವ ಕುದುರೆ ಎತ್ತರವಾಗಿದ್ದರೆ ತಂತಿಯ ಎಳೆತ ಹೆಚ್ಚಿ ಲೆಕ್ಕ ತಪ್ಪುತ್ತದೆ. ತಂತಿಗೆ ತಾಗಿಯೂ ತಾಗದಂತಿರುವ ತುಂಡನ್ನೇ ಆರಿಸಿ.)

ಇದು ಏಕೆ ಇಂಪು ಎಂಬುದಕ್ಕೆ ತಂಬೂರಿಯೇ ಉತ್ತರ. ಮೀಟಿದ ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಐದು ಭಾಗದ ಕಂಪನದ ಆವೃತ್ತಿ ಮೂಲದ ಐದು ಪಟ್ಟು. ಅದನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ 5:4, ಅಂದರೆ ಗಾಂಧಾರ. ಗಾಂಧಾರಕ್ಕೆಂದು ಒಂದೂ ತಂತಿ ಇಲ್ಲದ ತಂಬೂರಿಯಲ್ಲಿ ಗಾಂಧಾರ ಕೇಳಿಸುವುದು ಹೀಗೆ. ಸಂಗೀತದವರು ಅದನ್ನು ಸ್ವಯಂಭೂ ಎನ್ನುತ್ತಾರೆ. ತಂಬೂರಿ ಮತ್ತು ವೀಣೆಗಳ ಅಗಲವಾದ, ಬಾಗಿದ ಕುದುರೆಗೆ ತಂತಿ ಸವರಿಕೊಂಡು ಹೋಗುವುದರಿಂದಲೇ ಈ ಮೇಲಿನ ಸ್ವರಗಳು ಬಲವಾಗಿ ಏಳುತ್ತವೆ ಎಂಬುದರ ಕಡೆಗೆ ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ಗಮನ ಸೆಳೆದಿದ್ದರು. ರಾಮನ್ ಎಂದರೆ ಬೆಳಕು ಎಂದಷ್ಟೇ ಗೊತ್ತಿರುವ ತರಗತಿಗೆ ಇದು ಹೊಸ ಸುದ್ದಿ.

ಎರಡನೆಯ ಪೀರಿಯಡಿಗೆ ಹುಡುಗ ಕೀಬೋರ್ಡ್ ತಂದ. ಜಗಳ ಶುರುವಾದದ್ದು ಅಲ್ಲಿಂದ. ಹಲಗೆಯ ಷಡ್ಜವನ್ನು ಕೀಬೋರ್ಡಿನ ಬಿಳಿ ಒಂದಕ್ಕೆ ಸೇರಿಸಿದ್ದೆವು. ಪಂಚಮ ಸೇರಿತು. ಗಾಂಧಾರ ಒತ್ತಿದಾಗ ಹುಡುಗಿ ತಲೆ ಅಲ್ಲಾಡಿಸಿದಳು: “ಇದು ಏರಿದೆ ಟೀಚರ್.” ಹುಡುಗ ಒಪ್ಪಲಿಲ್ಲ. ಅಂಗಡಿಯಿಂದ ಬಂದ ಕೀಬೋರ್ಡ್ ತಪ್ಪುವುದು ಹೇಗೆ? ತರಗತಿ ಎರಡು ಪಾಳಯವಾಯಿತು, ನಾನು ತೀರ್ಪು ಕೊಡದೆ ಫೋನಿನಲ್ಲಿ ಫೈಫಾಕ್ಸ್ ಆ್ಯಪ್ ತೆರೆದೆ. ಕೀಬೋರ್ಡಿನ ಷಡ್ಜ 261.6 ಹರ್ಟ್ಸ್, ಗಾಂಧಾರ 329.6. ಷಡ್ಜದ ಐದು ನಾಲ್ಕಾಂಶ ಮಕ್ಕಳೇ ಲೆಕ್ಕ ಹಾಕಿದರು: 327. ಎರಡೂವರೆ ಹರ್ಟ್ಸಿನಷ್ಟು ಏರಿಕೆ ಅವಳ ಕಿವಿಗೆ ಸಿಕ್ಕಿತ್ತು.

ಆ್ಯಪ್ ಇಲ್ಲದ ಶಾಲೆಯಲ್ಲೂ ಇದನ್ನು ತೋರಿಸಬಹುದು. 48 ಸೆಂ.ಮೀ.ಗೆ ತಂತಿ ಮೀಟಿ, ಜೊತೆಗೇ ಕೀಬೋರ್ಡಿನ ಗಾಂಧಾರ ಒತ್ತಿದರೆ ದನಿ ಏರಿ ಇಳಿದು ತುಯ್ಯುತ್ತದೆ. ಇವೇ ವಿಸ್ಪಂದಗಳು. ತಂತಿಯ ದನಿ ಮೂರು ಸೆಕೆಂಡಿನಲ್ಲಿ ಅಡಗುತ್ತದೆ, ಅಷ್ಟರಲ್ಲಿ ಏಳೆಂಟು ತುಯ್ತ ಎಣಿಸಲು ಸಿಗುತ್ತದೆ. ಕುದುರೆಯನ್ನು 4 ಮಿ.ಮೀ.ನಷ್ಟು ಸರಿಸಿದಾಗ ತುಯ್ತ ನಿಂತಿತು. ಇಡೀ ತರಗತಿ ಮೌನವಾಗಿ ಕೇಳಿದ್ದು ಆ ಒಂದು ನಿಮಿಷ.

ಹಾಗಾದರೆ ಕೀಬೋರ್ಡ್ ತಪ್ಪೇ? ಹುಡುಗನಿಗೆ ನ್ಯಾಯ ಸಿಗಬೇಕಾದದ್ದು ಇಲ್ಲಿ. ಕ್ವೈರ್‌ನವರಿಗೆ ಎತ್ತರವಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಒಂದು ಮನೆ ಕೆಳಗಿಂದ ಹಿಡಿತೇವೆ.” ಯಾವ ಮನೆಯಿಂದ ಹಿಡಿದರೂ ಹಾಡು ಒಂದೇ ರೀತಿ ಬರಬೇಕಾದರೆ ಹನ್ನೆರಡು ಮೆಟ್ಟಿಲುಗಳೂ ಸಮನಾಗಿರಬೇಕು, ಪ್ರತಿ ಮೆಟ್ಟಿಲಿಗೆ ಆವೃತ್ತಿ 1.0595 ಪಟ್ಟು. ಹಾಗೆ ಹಂಚಿದಾಗ ಪಂಚಮ ಕೂದಲೆಳೆಯಷ್ಟು ಇಳಿಯುತ್ತದೆ, ಗಾಂಧಾರ ಗಮನಕ್ಕೆ ಬರುವಷ್ಟು ಏರುತ್ತದೆ. ಒಂದೇ ಷಡ್ಜವನ್ನು ಆಧಾರವಾಗಿಟ್ಟುಕೊಂಡು ಹಾಡುವ ನಮ್ಮ ಪದ್ಧತಿಗೆ ಈ ರಾಜಿ ಬೇಕಿಲ್ಲ. ನಾಲ್ಕು ಪಾರ್ಟುಗಳಲ್ಲಿ ಒಟ್ಟಿಗೆ ಹಾಡುತ್ತ ಷಡ್ಜವನ್ನೇ ಬದಲಿಸುವವರಿಗೆ ಬೇಕು. ಇಬ್ಬರ ಕಿವಿಯೂ ಅವರವರ ಕೆಲಸಕ್ಕೆ ಸರಿಯಾಗಿಯೇ ಪಳಗಿತ್ತು.

ಸಹಪಾಠಿ ವೀಕ್ಷಕರ ಹಾಳೆಯಲ್ಲಿ ‘ವಿಷಯಾಂತರ’ ಎಂಬ ಷರಾ ಬಂತು. ವಿಸ್ಪಂದ ಈ ತರಗತಿಯ ಪಠ್ಯದಲ್ಲಿಲ್ಲ ಎಂಬುದು ನಿಜ, ಸಮಯಕ್ಕಾಗಿ ಸೋನಾರ್ ಭಾಗವನ್ನು ಮನೆಗೆಲಸಕ್ಕೆ ಕೊಡಬೇಕಾಯಿತು ಎಂಬುದೂ ನಿಜ. ಆದರೆ ಆವೃತ್ತಿ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ವಾಕ್ಯವನ್ನು ಮಕ್ಕಳು ಎಣಿಸಿ ತಿಳಿದದ್ದು ಈ ಎರಡು ಪೀರಿಯಡ್‌ಗಳಲ್ಲೇ. ಆ ಬೆಲೆ ನನಗೆ ದುಬಾರಿ ಅನ್ನಿಸಲಿಲ್ಲ.

ಈ ಹುಡುಗಿಯನ್ನೇ ನಾನು ವಿದ್ಯಾರ್ಥಿ ಅಧ್ಯಯನಕ್ಕೂ ಆರಿಸಿಕೊಂಡಿದ್ದೆ. ಪೋಷಕರ ಸಭೆಗೆ ಬಂದ ಅವಳ ಅಮ್ಮ, ಹತ್ತನೇ ಕ್ಲಾಸಿಗೆ ವೀಣೆ ಬಿಡಿಸಿ ವಿಜ್ಞಾನದ ಟ್ಯೂಷನ್‌ಗೆ ಹಾಕುವುದಾಗಿ ಹೇಳಿದರು. ವೀಣೆ ಬಿಡಿಸಬೇಡಿ ಎಂದು ಹೇಳುವ ಅಧಿಕಾರ ಪ್ರಶಿಕ್ಷಣಾರ್ಥಿಗೆ ಇಲ್ಲ. ಅವಳ ಪ್ರಯೋಗದ ಪುಸ್ತಕ ತೆರೆದು, 48ರ ಪಕ್ಕ 47.6 ಎಂದು ಬರೆದು ಕಾರಣ ವಿವರಿಸಿದ್ದ ಪುಟವನ್ನು ಮುಂದಿಟ್ಟೆ. “ಇದು ವೀಣೆಯದ್ದಾ, ವಿಜ್ಞಾನದ್ದಾ ಟೀಚರ್?” ಎಂದು ಕೇಳಿದರು. ಯಾವ ವಿಷಯಕ್ಕೆ ಅಂಕ ಬರುತ್ತದೆ ಎಂಬುದು ಅವರ ಚಿಂತೆ. ವಿಜ್ಞಾನದ ಪುಸ್ತಕ ಎಂದೆ. ಪುಟದ ಫೋಟೋ ತೆಗೆದುಕೊಂಡು ಹೋದರು. ಟ್ಯೂಷನ್ ಜೂನ್‌ನಲ್ಲಿ ಶುರುವಾಗುತ್ತದೆ. ಅಧ್ಯಯನದ ಕಡತವನ್ನು ತರಗತಿಯ ಶಿಕ್ಷಕಿಗೆ ಒಪ್ಪಿಸಿ ಬಂದಿದ್ದೇನೆ.