ಎರಡು ಗೀಟು, ಒಂದು ಅಲ್ಪವಿರಾಮ

ಪಿಯಾನೊ ಕಲಿತು, ಆಮೇಲೆ ಹಾರ್ಪ್ಸಿಕಾರ್ಡಿನ ಹಳೆಯ ಹಸ್ತಪ್ರತಿಗಳ ನಕಲು ಮುಂದಿಟ್ಟುಕೊಂಡಾಗ ನನ್ನನ್ನು ತಡೆದದ್ದು ಸ್ವರಗಳಲ್ಲ, ಅವುಗಳ ಸುತ್ತ ಇದ್ದ ಗೀಟು, ಅಲ್ಪವಿರಾಮ, ಅಂಕುಡೊಂಕು ಗೆರೆಗಳು. ಈ ಚಿಹ್ನೆ ಏನು ಎಂದು ಕೇಳುವ ಮೊದಲು ಇದು ಯಾರದು, ಯಾವ ಕಾಲದ್ದು ಎಂದು ಕೇಳಬೇಕೆಂಬುದು ನಿಧಾನವಾಗಿ ತಿಳಿಯಿತು.

ಅಲ್ಪವಿರಾಮವನ್ನೇ ನೋಡಿ. 1689ರಲ್ಲಿ ಹಾರ್ಪ್ಸಿಕಾರ್ಡ್ ವಾದಕ ಡಾಂಗ್ಲೆಬೆರ್ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ 29 ಅಲಂಕಾರಗಳ ಪಟ್ಟಿಯಿದೆ. ಅದರ ಪ್ರಕಾರ ಸ್ವರದ ಎಡಕ್ಕೆ ಅಲ್ಪವಿರಾಮವಿದ್ದರೆ ಪಕ್ಕದ ಸ್ವರದಿಂದ ಬಂದು ಸೇರಬೇಕು. ಬಲಕ್ಕಿದ್ದರೆ ಕೆಳಗಿನ ಸ್ವರವನ್ನು ತಟ್ಟನೆ ಮುಟ್ಟಿ ಮರಳಬೇಕು. ಅದೇ ಗುರುತನ್ನು ಕೂಪ್ರಾ ತನ್ನ ಹಾರ್ಪ್ಸಿಕಾರ್ಡ್ ರಚನೆಗಳ 1722ರ ಮೂರನೇ ಪುಸ್ತಕದಲ್ಲಿ ಬಳಸಿದ್ದು ಒಂದು ಸಂಗೀತವಾಕ್ಯ ಮುಗಿಯಿತು ಎನ್ನಲು. ಅಲಂಕಾರವೇ ಅಲ್ಲ!

ಬಾಖ್ 1720ರಲ್ಲಿ ಒಂಬತ್ತರ ಹರೆಯದ ಮಗ ವಿಲ್‌ಹೆಲ್ಮ್ ಫ್ರೀಡೆಮನ್‌ಗೆ ಬರೆದುಕೊಟ್ಟ ಪುಟ್ಟ ಪಟ್ಟಿಯಲ್ಲಿ ಟ್ರಿಲ್, ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ಬಿರುಸಿನ ಓಲಾಟ, ಮೇಲಿನ ಸ್ವರದಿಂದ ಶುರುವಾಗುತ್ತದೆ. 1828ರ ಹುಮ್ಮೆಲ್‌ನ ಪಿಯಾನೊ ಪಾಠಪುಸ್ತಕಕ್ಕೆ ಬಂದರೆ ಮೂಲ ಸ್ವರದಿಂದಲೇ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರಿಗೆ ಅಂಟಿಸಬಾರದು.

ಪಟ್ಟಿಯೇ ಇಲ್ಲದಿದ್ದರೆ? ಕೇಂಬ್ರಿಡ್ಜಿನಲ್ಲಿರುವ ಫಿಟ್ಜ್‌ವಿಲಿಯಂ ವರ್ಜಿನಲ್ ಪುಸ್ತಕ ಎಂಬ ಹಸ್ತಪ್ರತಿ 17ನೇ ಶತಮಾನದ ಆರಂಭದ್ದು. ಅದರಲ್ಲಿ ಸ್ವರದ ಕಡ್ಡಿಗೆ ಅಡ್ಡಲಾಗಿ ಒಂದು ಗೀಟು, ಬಹಳಷ್ಟು ಕಡೆ ಎರಡು. ವಿವರಣೆ ಒಂದಕ್ಷರವೂ ಇಲ್ಲ. ಇಂದಿನ ಲಿಪಿಯಲ್ಲಿ ಆ ಎರಡು ಗೀಟಿಗೆ ಅದೇ ಸ್ವರವನ್ನು ಪದೇಪದೇ ನುಡಿಸು ಎಂಬರ್ಥ. ಆ ಓದು ಇಲ್ಲಿ ನಡೆಯದು. ಆಗ ನಾನು ಸಂಗೀತವನ್ನೇ ವಿಚಾರಿಸುತ್ತೇನೆ. ಲಿಪಿಕಾರ ಎಲ್ಲಾದರೂ ಟ್ರಿಲ್ಲನ್ನು ಪೂರ್ತಿಯಾಗಿ ಸ್ವರಗಳಲ್ಲೇ ಬಿಡಿಸಿ ಬರೆದಿದ್ದಾನೆಯೇ? ಗೀಟು ಬಿದ್ದ ಸ್ವರದಲ್ಲಿ ಎಷ್ಟು ಸಮಯವಿದೆ, ಬೆರಳು ಬಿಡುವಾಗಿದೆಯೇ? ಇದರಲ್ಲಿರುವ ವಿಲಿಯಂ ಬರ್ಡ್‌ನ ಕೆಲವು ರಚನೆಗಳು 1591ರ 'ಲೇಡಿ ನೆವೆಲ್' ಹಸ್ತಪ್ರತಿಯಲ್ಲೂ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೀಟುಗಳು ಎಲ್ಲ ಕಡೆ ಹೊಂದುವುದಿಲ್ಲ. ನುಡಿಸುವವರಿಗೆ ಸಾಕಷ್ಟು ಸ್ವಾತಂತ್ರ್ಯ ಇತ್ತೆಂದೇ ನನ್ನ ಎಣಿಕೆ. ಚಿಕ್ಕ ಸ್ವರಕ್ಕೆ ನಾನು ಮೇಲಿನ ಸ್ವರದ ಒಂದೇ ಸ್ಪರ್ಶ ಕೊಡುತ್ತೇನೆ, ಉದ್ದದ್ದಕ್ಕೆ ಹೆಚ್ಚು.

ಗಮಕ ಕೇಳಿ ಬೆಳೆದ ಕಿವಿ ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ವೀಣೆಯಂತೆ ಇಲ್ಲಿ ತಂತಿ ಎಳೆಯಲಾಗದು. ಗಟ್ಟಿಯಾಗಿ ಒತ್ತಿದರೂ ಹಾರ್ಪ್ಸಿಕಾರ್ಡಿನ ಸದ್ದು ಹೆಚ್ಚುಕಡಿಮೆ ಅಷ್ಟೇ, ಮೀಟಿದ ಸ್ವರ ಬೇಗ ಕುಗ್ಗುತ್ತದೆ. ಸ್ವರಕ್ಕೆ ಒತ್ತು ಕೊಡಲು, ಅದನ್ನು ಉಳಿಸಿಕೊಳ್ಳಲು ಅಲಂಕಾರವೇ ದಾರಿ. ಆದ್ದರಿಂದ ಮೊದಲು ಅಲಂಕಾರವಿಲ್ಲದೆ ನುಡಿಸಿ, ಎಲ್ಲಿ ಸ್ವರ ಸೊರಗುತ್ತದೆಂದು ಕೇಳಿಸಿಕೊಳ್ಳುತ್ತೇನೆ.

ನೀವು ನಕಲು ತರಿಸುವುದಾದರೆ ಮುನ್ನುಡಿಯ ಪುಟಗಳೂ ಸೇರಿರುವ ಪ್ರತಿಯನ್ನೇ ಕೇಳಿ. ಪಟ್ಟಿ ಇದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.