ಅತ್ತಿಯ ಮರ, ತಕ್ಕಡಿ ಮತ್ತು ಅರ್ಧ ಉಳಿದ ಕಸೂತಿ

ದಿನದ ಧಮ್ಮ ಚಿಂತನೆ
ಇಂದಿನ ಓದು: ದೀಘಜಾಣು ಸುತ್ತ, ಅಂಗುತ್ತರ ನಿಕಾಯದ ಎಂಟರ ನಿಪಾತ



ಶಿಕ್ಷಕಿಯಾಗಿರುವ ಅಕ್ಕನವರೊಬ್ಬರು ಬಳಗಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಬಸ್ಸು ಹಿಡಿದು ಶಾಲೆ. ಸಂಜೆ ಬಂದರೆ ಅತ್ತೆಯ ಔಷಧ, ಮಕ್ಕಳ ಹೋಂವರ್ಕ್, ಆಮೇಲೆ ಮೊಬೈಲಿನಲ್ಲಿ ಇಲಾಖೆ ಕೇಳಿದ ಮಾಹಿತಿ ತುಂಬುವುದು. 2025ರ ದಸರಾ ರಜೆಯೂ ಸಮೀಕ್ಷೆಗೆ ಮನೆ ಮನೆ ತಿರುಗುವುದರಲ್ಲೇ ಮುಗಿಯಿತು. ತವರಿನಿಂದ ತಂದ ಇಳಕಲ್ ಸೀರೆಗೆ ಕಸೂತಿ ಹಾಕಲು ಆರಂಭಿಸಿ ನಾಲ್ಕು ವರ್ಷವಾಯಿತು, ಟ್ರಂಕಿನಲ್ಲಿ ಅರ್ಧಕ್ಕೆ ನಿಂತಿದೆ. "ಇದನ್ನು ಮುಗಿಸಬೇಕೆಂಬ ಆಸೆಯೂ ತಣ್ಹಾ ತಾನೆ? ಸೂಜಿ ಬಿಟ್ಟು ಆ ಹೊತ್ತು ಧ್ಯಾನಕ್ಕೆ ಕೂತರೆ ಒಳ್ಳೆಯದಲ್ಲವೆ?" ಎಂಬುದು ಅವರ ಪ್ರಶ್ನೆ.

ಹೌದು ಅಥವಾ ಅಲ್ಲ ಎಂದು ಒಂದು ಸಾಲಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಮೊದಲು ಸುತ್ತ ನೋಡೋಣ.

ಕೋಲಿಯರ ಕಕ್ಕರಪತ್ತ ಎಂಬ ಊರಲ್ಲಿ ದೀಘಜಾಣು ಎಂಬ ಗೃಹಸ್ಥ ಭಗವಾನರ ಬಳಿ ಬರುತ್ತಾನೆ. ತಾನು ಭಿಕ್ಖುವಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ: ನಾವು ಮಕ್ಕಳು ಮರಿ ತುಂಬಿದ ಮನೆಯಲ್ಲಿರುವವರು, ಗಂಧ ಹಚ್ಚುವವರು, ಹೂ ಮುಡಿಯುವವರು, ಬೆಳ್ಳಿ ಬಂಗಾರ ಇಟ್ಟುಕೊಂಡವರು, ನಮ್ಮಂಥವರಿಗೆ ಆಗುವಂಥದ್ದು ಹೇಳಿ ಎನ್ನುತ್ತಾನೆ. ಭಗವಾನರು ಅವನಿಗೆ ಅದನ್ನೆಲ್ಲ ಬಿಟ್ಟು ಬಾ ಎನ್ನಲಿಲ್ಲ. ಈ ಜನ್ಮದಲ್ಲೇ ಹಿತ ತರುವ ನಾಲ್ಕು ಸಂಗತಿ ಹೇಳಿದರು: ಉಟ್ಠಾನ ಸಂಪದಾ ಅಂದರೆ ಶ್ರಮ, ಆರಕ್ಖ ಸಂಪದಾ ಅಂದರೆ ಗಳಿಸಿದ್ದನ್ನು ಕಾಯುವುದು, ಕಲ್ಯಾಣಮಿತ್ತತಾ ಅಂದರೆ ಒಳ್ಳೆಯ ಗೆಳೆತನ, ಸಮಜೀವಿತಾ ಅಂದರೆ ಸಮತೂಕದ ಬದುಕು.

ಶ್ರಮದ ವಿವರಣೆಯಲ್ಲಿ ಒಂದು ಪಟ್ಟಿ ಬರುತ್ತದೆ. ಬೇಸಾಯ, ವ್ಯಾಪಾರ, ದನ ಸಾಕಣೆ, ರಾಜನ ನೌಕರಿ, ಅಥವಾ ಯಾವುದೇ ಒಂದು ಶಿಲ್ಪ. ಸರ್ಕಾರಿ ನೌಕರಿಯೂ ಕೈಕಸುಬೂ ಒಂದೇ ಸಾಲಿನಲ್ಲಿವೆ ಎಂಬುದನ್ನು ಗಮನಿಸಿ. ಕೈಕೆಲಸವನ್ನು ಬಿಡುವಿನ ಶೋಕಿ ಎಂದು ಕೆಳಗಿಡುವುದು ನಮ್ಮ ಕಾಲದ ಅಭ್ಯಾಸ.

ಸಮಜೀವಿತಾ ವಿವರಿಸಲು ತಕ್ಕಡಿಯ ಉಪಮೆ ಇದೆ. ತಕ್ಕಡಿ ಹಿಡಿದವನಿಗೆ ಎಷ್ಟು ಇಳಿದಿದೆ, ಎಷ್ಟು ಏರಿದೆ ಎಂಬುದು ಗೊತ್ತಿರುತ್ತದೆ. ಹಾಗೆಯೇ ಗೃಹಸ್ಥನಿಗೆ ಆದಾಯ ವೆಚ್ಚ ಗೊತ್ತಿರಬೇಕು. ಗಳಿಕೆ ಕಡಿಮೆಯಿದ್ದೂ ದೊಡ್ಡದಾಗಿ ಖರ್ಚು ಮಾಡುವವನನ್ನು ಜನ ಅತ್ತಿಹಣ್ಣು ತಿನ್ನುವವನಿಗೆ ಹೋಲಿಸುತ್ತಾರೆ. ನಾಲ್ಕು ಹಣ್ಣಿಗಾಗಿ ಇಡೀ ಟೊಂಗೆ ಅಲುಗಾಡಿಸುತ್ತಾನೆ, ತಿನ್ನುವುದಕ್ಕಿಂತ ಕೆಳಗೆ ಬಿದ್ದು ಹಾಳಾಗುವುದೇ ಹೆಚ್ಚು. ಇನ್ನೊಂದು ಬಗೆಯವನು ಸಾಕಷ್ಟಿದ್ದೂ ಖರ್ಚು ಮಾಡದವನು. ಅವನು ಹಸಿದು ಸಾಯುವವನಂತೆ ಸಾಯುತ್ತಾನೆ.

ಸುತ್ತದಲ್ಲಿ ಇದು ಹಣದ ಮಾತು. ಅದನ್ನು ಹೊತ್ತಿನ ಮಾತಾಗಿ ಓದುವುದು ನಮ್ಮ ಜವಾಬ್ದಾರಿಯ ಮೇಲೆ. ಆದರೆ ಕಸೂತಿ ಮಾಡುವವರಿಗೆ ಎರಡೂ ಚಿತ್ರ ಚೆನ್ನಾಗಿ ಪರಿಚಿತ. ಒಂದು ಸೀರೆ, ಎರಡು ದಿಂಬಿನ ಚೀಲ, ಮ್ಯಾಟಿ ಬಟ್ಟೆಯ ಮೇಲೊಂದು ನವಿಲು, ಮಗಳ ಫ್ರಾಕು, ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ ಯಾವುದೂ ಮುಗಿಯದೆ ಇರುವುದು ಅತ್ತಿಯ ಟೊಂಗೆ ಅಲುಗಾಡಿಸಿದಂತೆ. ನಿವೃತ್ತಿಯಾದ ಮೇಲೆ ನಿಶ್ಚಿಂತೆಯಾಗಿ ಹಾಕುತ್ತೇನೆ ಎಂದು ದಾರದ ಲಡಿಗಳನ್ನು ಟ್ರಂಕಿನಲ್ಲಿ ಕೂಡಿಡುವುದು ಎರಡನೆಯದು. ಮರಣಸತಿ ಓದಿದ ನಾವು ಅಷ್ಟು ಭರವಸೆ ಇಟ್ಟುಕೊಳ್ಳುವುದು ವಿಚಿತ್ರವೇ.

ಅದೇ ಸುತ್ತದಲ್ಲಿ ಕೆರೆಯ ಉಪಮೆಯೂ ಇದೆ, ಒಳಹರಿವಿನ ದಾರಿ ನಾಲ್ಕು, ಹೊರಹರಿವಿನದು ನಾಲ್ಕು. ಆಲಮಟ್ಟಿ ಹಿನ್ನೀರಿನ ಪಕ್ಕದ ಬೀಳಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದು ನಮ್ಮ ಹೊತ್ತು ಎಲ್ಲಿ ಹರಿದು ಹೋಗುತ್ತದೆ ಎಂದರೆ ಬಹುಪಾಲು ಅಂಗೈಯೊಳಗಿನ ಪರದೆಯಲ್ಲಿ. (ಈ ಸಂದೇಶವೂ ಅಲ್ಲಿಂದಲೇ ಬರುತ್ತದೆ, ಒಪ್ಪಿದೆ.)

ಇನ್ನು ಕಸೂತಿ ಧ್ಯಾನವೇ ಎಂಬ ವಿಚಾರ. ಹಾಗೆ ಹೇಳಿ ಸಮಾಧಾನ ಮಾಡಿಕೊಳ್ಳುವುದು ಸುಲಭ, ಆದರೆ ಸೂಜಿ ಹಿಡಿದ ಮಾತ್ರಕ್ಕೆ ಮನಸ್ಸು ನಿಲ್ಲುವುದಿಲ್ಲ. ಸೂಜಿ ಓಡುತ್ತಿರುವಾಗಲೇ ನಾದಿನಿಯ ಮೇಲಿನ ಸಿಟ್ಟನ್ನೂ ಹೊಲಿಯಬಹುದು. ಆದರೂ ಕಸೂತಿಗೆ ಒಂದು ಗುಣವಿದೆ, ಅದು ಸುಳ್ಳು ಹೇಳಲು ಬಿಡುವುದಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬರಬೇಕು. ಗಂಟು ಹಾಕುವುದಿಲ್ಲ, ಮುಂದೆ ಹಿಂದೆ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದ್ದರೆ ಬರುವಾಗ ಗೆರೆ ಕೂಡುವುದಿಲ್ಲ. ಮನಸ್ಸು ಎಲ್ಲಿ ಜಾರಿತು ಎಂದು ಬೆರಳಿಟ್ಟು ತೋರಿಸುತ್ತದೆ. ಪೇಟೆಯಲ್ಲಿ ಕ್ರಾಸ್ ಸ್ಟಿಚ್ ಎಂದು ಕರೆಯುವುದು ನಮ್ಮ ಅಜ್ಜಿಯರ ಮೆಂತೆ. ಅದರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ, ಎಣಿಕೆ ಮಾತ್ರ ಅದಕ್ಕೂ ತಪ್ಪಿದ್ದಲ್ಲ.

ಹಾಗಾಗಿ ಸೂಜಿ ಬಿಡಬೇಕೆ ಎಂಬುದಕ್ಕಿಂತ, ಅದನ್ನು ಹಿಡಿದಾಗ ಏನು ನಡೆಯುತ್ತದೆ ಎಂದು ನೋಡಿಕೊಳ್ಳುವುದು ಮೇಲು. ಮುಗಿಯಲಿಲ್ಲ ಎಂಬ ಕುದಿ, ಬೇರೆಯವರ ಸೀರೆ ನೋಡಿದಾಗಿನ ಹೊಟ್ಟೆಕಿಚ್ಚು, ಅಲ್ಲಿದೆ ತಣ್ಹಾ. ದಾರದಲ್ಲಿಲ್ಲ.

ಇಲ್ಲಿ ಆಳವಿಯ ನೇಕಾರನ ಮಗಳ ಕತೆ ನೆನೆಯಲೇಬೇಕು. ಧಮ್ಮಪದದ 174ನೇ ಗಾಥೆಯ ಅಟ್ಠಕಥೆಯಲ್ಲಿದೆ. ರಬಕವಿ-ಬನಹಟ್ಟಿಯವರು ಇದನ್ನು ತಮ್ಮ ಓಣಿಯ ಕತೆ ಎಂದೇ ಕೇಳಬಹುದು. ಆಳವಿಗೆ ಬಂದ ಭಗವಾನರು ಬದುಕು ಅನಿಶ್ಚಿತ, ಸಾವು ನಿಶ್ಚಿತ ಎಂದು ಭಾವಿಸಿರಿ ಎಂದು ಬೋಧಿಸಿದರು. ಎಲ್ಲರೂ ಕೇಳಿ ಮರೆತರು. ಹದಿನಾರರ ಆ ಹುಡುಗಿ ಒಬ್ಬಳೇ ಮೂರು ವರ್ಷ ಹಗಲಿರುಳು ಅದನ್ನೇ ಚಿಂತಿಸಿದಳು. ಭಗವಾನರು ಮತ್ತೆ ಬಂದ ದಿನ ಅಪ್ಪ ಹೇಳಿದ: ಮಗ್ಗದ ಮೇಲಿನ ಗಿರಾಕಿಯ ಬಟ್ಟೆ ಒಂದು ಗೇಣು ಉಳಿದಿದೆ, ಇವತ್ತೇ ಮುಗಿಸಬೇಕು, ಬೇಗ ಕಂಡಿಕೆ ಸುತ್ತಿ ತಾ.

ಅವಳಿಗೆ ಇಕ್ಕಟ್ಟು. ಕಂಡಿಕೆ ಒಯ್ಯದಿದ್ದರೆ ಅಪ್ಪ ಹೊಡೆಯಬಹುದು, ಒಯ್ದರೆ ಧಮ್ಮ ಕೇಳುವುದು ತಪ್ಪೀತು. ಅವಳು ಕೂತು ಕಂಡಿಕೆ ಸುತ್ತಿದಳು. ಅಲ್ಲಿ ಊಟ ಮುಗಿಸಿದ ಭಗವಾನರು ಉಪದೇಶ ಆರಂಭಿಸದೆ ಸುಮ್ಮನೆ ಕೂತಿದ್ದರು. ಅವರು ಮೂವತ್ತು ಯೋಜನ ನಡೆದು ಬಂದದ್ದು ಆ ಹುಡುಗಿಗಾಗಿಯೇ ಎನ್ನುತ್ತದೆ ಕತೆ. ಅವಳು ಬುಟ್ಟಿ ಹಿಡಿದು ಮಗ್ಗದ ಕಡೆ ಹೋಗುತ್ತ ಸಭೆಯ ಅಂಚಿನಲ್ಲಿ ನಿಂತಾಗ ತಲೆ ಎತ್ತಿ ನೋಡಿದರು. ಎಲ್ಲಿಂದ ಬಂದೆ ಎಂದರೆ ಗೊತ್ತಿಲ್ಲ ಎಂದಳು, ಎಲ್ಲಿಗೆ ಹೋಗುವೆ ಎಂದರೂ ಗೊತ್ತಿಲ್ಲ ಎಂದಳು. ಜನ ಉದ್ಧಟತನ ಎಂದು ಗೊಣಗಿದರು. ಅವಳು ಹೇಳಿದ್ದು ಮನೆಯ ಮತ್ತು ಮಗ್ಗದ ವಿಷಯವಲ್ಲ, ಹುಟ್ಟಿಗೆ ಹಿಂದಿನ ಮತ್ತು ಸಾವಿನ ಆಚೆಯ ವಿಷಯ. ಆ ದಿನ ಅವಳು ಸೋತಾಪನ್ನಳಾದಳು. ಬುಟ್ಟಿ ಎತ್ತಿಕೊಂಡು ಅಪ್ಪನ ಬಳಿ ಹೋದಳು. ಮಗ್ಗದ ಮೇಲೆ ತೂಕಡಿಸುತ್ತಿದ್ದ ಅವನು ಸದ್ದಿಗೆ ಬೆಚ್ಚಿ ಮಗ್ಗ ಎಳೆದ, ಅದರ ತುದಿ ಅವಳ ಎದೆಗೆ ಬಡಿದು ಅಲ್ಲೇ ಸತ್ತಳು. ಅಪ್ಪ ಅಳುತ್ತ ಭಗವಾನರ ಬಳಿ ಹೋಗಿ ಭಿಕ್ಖುವಾದ.

ಕೊನೆ ಕಠೋರವಾಗಿದೆ, ಅದನ್ನು ಮೆದು ಮಾಡುವುದು ಬೇಡ. ಮೂರು ವರ್ಷ ಅವಳ ಸಾಧನೆ ನಡೆದದ್ದು ಮನೆಗೆಲಸ ಮತ್ತು ಕಂಡಿಕೆಯ ನಡುವೆಯೇ. ಅವಳಿಗೆ ಬೇರೆ ಹೊತ್ತು ಯಾರೂ ಕೊಟ್ಟಿರಲಿಲ್ಲ. ಹೊಡೆತದ ಭಯವೂ ಅದೇ ಮನೆಯಲ್ಲಿತ್ತು.

ಈಗ ಮನೆಯ ಗಂಡಸರಿಗೆ. ಸಿಗಾಲೋವಾದ ಸುತ್ತದಲ್ಲಿ ಕೆಲಸದಾಳುಗಳಿಗೆ ಯಜಮಾನ ಮಾಡಬೇಕಾದ ಐದರಲ್ಲಿ ಎರಡು ಹೀಗಿವೆ: ಶಕ್ತಿಗೆ ತಕ್ಕ ಕೆಲಸ ಹಚ್ಚುವುದು, ಸಕಾಲಕ್ಕೆ ಬಿಡುವು ಕೊಡುವುದು. ಹೆಂಡತಿಯ ಪಟ್ಟಿಯಲ್ಲಿ ಗೌರವ, ನಿಷ್ಠೆ, ಮನೆಯ ಅಧಿಕಾರ ಬಿಟ್ಟುಕೊಡುವುದು ಇವೆ. ಬಿಡುವಿನ ಮಾತು ಅಲ್ಲಿ ಇಲ್ಲ ಎಂದು ಯಾರಾದರೂ ವಾದಿಸಿದರೆ, ಆಳಿಗೆ ಸಲ್ಲುವುದು ಆಕೆಗೆ ಸಲ್ಲುವುದಿಲ್ಲವೇ ಎಂದು ಕೇಳಬೇಕಾಗುತ್ತದೆ. ಸಂಜೆಯ ಅರ್ಧ ಗಂಟೆ ಅವ್ವನ ಔಷಧ, ಮಕ್ಕಳ ಪಾಠ ನೋಡಿಕೊಳ್ಳಲು ಸುತ್ತವನ್ನೇನೂ ಕಂಠಪಾಠ ಮಾಡಬೇಕಿಲ್ಲ.

ಅಕ್ಕನವರಿಗೆ ಒಂದು ಸಲಹೆ. ಶುರುವಾದ ಕೆಲಸಗಳಲ್ಲಿ ಒಂದನ್ನೇ ಹೊರಗಿಡಿ, ಉಳಿದವನ್ನು ಕಟ್ಟಿಡಿ. ರಾತ್ರಿಗೆ ಒಂದು ಎಳೆ ದಾರ, ಅಷ್ಟೇ ಲೆಕ್ಕ. ಗವಂತಿಯಾದರೆ ಹೋಗಿ ಬರುವ ದಾರಿ ಪೂರ್ತಿಯಾದಲ್ಲಿ ನಿಲ್ಲಿಸಿ, ಮರುದಿನ ಎಣಿಕೆ ಹುಡುಕುವ ಕಷ್ಟ ತಪ್ಪುತ್ತದೆ. ಪರೀಕ್ಷೆಯ ತಿಂಗಳಲ್ಲಿ ಮುಟ್ಟದಿದ್ದರೂ ಆದೀತು. ಮ್ಯಾಟಿ ಬಟ್ಟೆ ಒಯ್ದು ನಾಲ್ಕನೇ ತರಗತಿಗೆ ಎಣಿಕೆ, ಸಮಮಿತಿ ಕಲಿಸಬಹುದಲ್ಲ ಎಂದು ಯಾರಾದರೂ ಹೇಳಬಹುದು, ಒಳ್ಳೆಯದೇ, ಆದರೆ ಎಲ್ಲವನ್ನೂ ಶಾಲೆಗೆ ಒಯ್ಯಬೇಕೆಂದಿಲ್ಲ. ಬೆಳಗಿನ ಹತ್ತು ನಿಮಿಷದ ಆನಾಪಾನ ಬೇರೆಯೇ ಇರಲಿ, ಅದನ್ನು ಸೂಜಿಗೆ ಕೂಡಿಸಬೇಡಿ.

ನಾಳೆಯ ಓದು: ನಕುಲಮಾತೆ, ಅಂಗುತ್ತರ ನಿಕಾಯದ ಆರರ ನಿಪಾತ. ಕಾಯಿಲೆ ಬಿದ್ದ ಗಂಡನಿಗೆ, ನೀನಿಲ್ಲದಿದ್ದರೂ ಹತ್ತಿ ನೂತು ಮಕ್ಕಳನ್ನು ಸಾಕುವ ಕಸುಬು ನನ್ನ ಕೈಯಲ್ಲಿದೆ, ಚಿಂತೆಯಲ್ಲಿ ಸಾಯಬೇಡ ಎಂದು ಧೈರ್ಯ ಹೇಳಿದ ಗೃಹಿಣಿ. ಅವಳು ಗಂಡನಿಗೆ ಕೊಟ್ಟ ಭರವಸೆಗಳಲ್ಲಿ ಆ ನೂಲಿನ ಮಾತೇ ಮೊದಲನೆಯದು ಏಕೆ ಎಂದು ಯೋಚಿಸಿಕೊಂಡು ಬನ್ನಿ.