ಮುಂದಿನ ಡಿಸ್ಕ್ ಬ್ರೇಕು: ಪದ್ಮಿನಿ ಓಡಿಸುವ ತಮ್ಮನಿಗೆ

ತಮ್ಮಾ, ನಿಮ್ಮ ತಾತನ ಕಾಲದ ಪದ್ಮಿನಿ ಕಾರಿನ ಎಂಜಿನ್ ಬಿಚ್ಚಿ ಹದ ಮಾಡಿಸಿದ್ದೀಯ. ಕಾಲು ಮೈಲಿ, ಅಂದರೆ 402 ಮೀಟರಿನ ಡ್ರ್ಯಾಗ್ ಓಟಕ್ಕೆ ಇಳಿಸಬೇಕು ಅಂತಿದ್ದೀಯ. ಅದಕ್ಕೂ ಮೊದಲು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಬೇಕು ಅನ್ನಿಸಿತಲ್ಲ, ಅದು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯಿತು. ಕಾರ್ಬುರೇಟರು, ಎಕ್ಸಾಸ್ಟು ಅಂತ ದುಡ್ಡು ಸುರಿದು, ಕೈ ಖಾಲಿಯಾದ ಮೇಲೆ ಬ್ರೇಕಿನ ಕಡೆ ನೋಡುವವರೇ ಹೆಚ್ಚು. ಆದರೆ ನೀನು ಕೇಳಿದ್ದು ‘ಯಾವ ಡಿಸ್ಕ್ ತಗೊಳ್ಳಲಿ’ ಅಂತ. ಆ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೋ. ಡಿಸ್ಕ್ ಹಾಕಿಸುವವನು ಪೆಡಲಿನಿಂದ ಟೈರಿನವರೆಗಿನ ಇಡೀ ಸಾಲನ್ನು ಒಟ್ಟಿಗೆ ಆರಿಸಬೇಕು. ನಡುವೆ ಒಂದು ತಪ್ಪಿದರೂ ಹಳೆಯ ಡ್ರಮ್ಮೇ ವಾಸಿ ಅನ್ನುವ ಹಾಗಾಗುತ್ತದೆ.

ಡಿಸ್ಕ್ ಹಾಕಿದ ಮಾತ್ರಕ್ಕೆ ಗಾಡಿ ಅರ್ಧ ದೂರದಲ್ಲಿ ನಿಂತುಬಿಡುತ್ತದೆ ಅನ್ನುವ ನಂಬಿಕೆ ಇದ್ದರೆ ಬಿಟ್ಟುಬಿಡು. ಗಾಡಿಯನ್ನು ನಿಲ್ಲಿಸುವುದು ಟೈರು. ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ಒಳ್ಳೆಯ ಸ್ಥಿತಿಯಲ್ಲಿರುವ ಡ್ರಮ್ಮಿಗೂ ಇದೆ. ಪದ್ಮಿನಿಯ ಜೊತೆ ಬರುತ್ತಿದ್ದ 5.20-14ರ ಕಿರಿದಾದ ಟೈರು ಹಾಕಿಕೊಂಡು ಎಷ್ಟೇ ದೊಡ್ಡ ಡಿಸ್ಕ್ ಕೂರಿಸಿದರೂ ರಸ್ತೆಯ ಹಿಡಿತ ಹೆಚ್ಚುವುದಿಲ್ಲ. ಡಿಸ್ಕಿನ ಲಾಭ ಬೇರೆ ಕಡೆ ಇದೆ. ಡ್ರಮ್ ಕಾದರೆ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಮಳೆಯಲ್ಲಿ ಒಂದು ಡ್ರಮ್ಮಿಗೆ ನೀರು ಹೊಕ್ಕರೆ ಗಾಡಿ ಇನ್ನೊಂದು ಪಕ್ಕಕ್ಕೆ ಎಳೆಯುತ್ತದೆ; ಡಿಸ್ಕ್ ಒಂದೆರಡು ಸುತ್ತಿನಲ್ಲೇ ನೀರು ಕೊಡವಿಕೊಳ್ಳುತ್ತದೆ. ಪ್ರತಿ ಸಲವೂ ಒಂದೇ ಥರ, ನೇರವಾಗಿ ನಿಲ್ಲುವುದು, ಅದಕ್ಕೆ ನೀನು ದುಡ್ಡು ಕೊಡುವುದು.

ಈಗ ಲೆಕ್ಕ ನೋಡು. ಗಾಡಿಯೂ ನೀನೂ ಸೇರಿ 1000 ಕೆಜಿ ಅಂತ ಇಟ್ಟುಕೋ. ಗೆರೆ ದಾಟುವಾಗ ಗಂಟೆಗೆ 120 ಕಿ.ಮೀ. ವೇಗವಿದ್ದರೆ ಬ್ರೇಕು ಸುಮಾರು 556 ಕಿಲೋಜೂಲ್ ಶಕ್ತಿಯನ್ನು ಬಿಸಿಯಾಗಿ ನುಂಗಬೇಕು. ಅದೇ 60ರಲ್ಲಿದ್ದರೆ ಇದರ ಕಾಲು ಭಾಗ, 139 ಮಾತ್ರ. ಪೇಟೆಯೊಳಗೆ 60ರಲ್ಲಿ ಚೆನ್ನಾಗಿ ನಿಂತಿತು ಅಂತ ಓಟದ ಗೆರೆಗೆ ಹೋಗಬಾರದು ಅನ್ನುವುದು ಇದಕ್ಕೇ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಮುಂದಿನ ಎರಡು ಚಕ್ರವೇ ನೂರಕ್ಕೆ ಎಪ್ಪತ್ತರಷ್ಟು ಹೊರುತ್ತವೆ ಅಂದುಕೊಂಡರೆ, 4 ಕೆಜಿ ತೂಕದ ಎರಕದ ಕಬ್ಬಿಣದ ಒಂದೊಂದು ಡಿಸ್ಕೂ ಒಂದು ನಿಲುಗಡೆಗೆ ನೂರು ಡಿಗ್ರಿಗಿಂತ ತುಸು ಹೆಚ್ಚು ಬಿಸಿಯೇರುತ್ತದೆ. ಅದು ದೊಡ್ಡ ಬಿಸಿಯೇನಲ್ಲ. ಮುಂದಿನ ಓಟದ ಸರದಿ ಬರುವಷ್ಟರಲ್ಲಿ ಆರಿರುತ್ತದೆ. ಆದ್ದರಿಂದ ಬರೀ ಡ್ರ್ಯಾಗ್ ಓಡುವ ಗಾಡಿಗೆ ನಡುವೆ ಗಾಳಿಕಂಡಿ ಇರುವ ದಪ್ಪ ಡಿಸ್ಕ್ ಬೇಡ. ಒಂಟಿ ಪದರದ ಹಗುರ ಡಿಸ್ಕ್ ಸಾಕು. ತಿರುಗುವ ತೂಕ ಕಡಿಮೆಯಾದಷ್ಟೂ ಗಾಡಿ ಬೇಗ ಎದ್ದೋಡುತ್ತದೆ.

ಆದರೆ ನೀನು ಭಾನುವಾರ ಬೆಳಗ್ಗೆ ಅದೇ ಗಾಡಿಯಲ್ಲಿ ನಂದಿಬೆಟ್ಟಕ್ಕೂ ಹೋಗುವವನು. ಅಲ್ಲಿ ಲೆಕ್ಕ ತಿರುಗುಮುರುಗು. 1478 ಮೀಟರಿನ ನೆತ್ತಿಯಿಂದ ಬುಡಕ್ಕೆ ಬರುವಾಗ ಸುಮಾರು 500 ಮೀಟರ್ ಇಳಿಯುತ್ತೀಯ. ಆ ಇಳಿತದ ಶಕ್ತಿ ಒಂದು ಡ್ರ್ಯಾಗ್ ನಿಲುಗಡೆಯ ಸುಮಾರು ಒಂಬತ್ತು ಪಟ್ಟು, ಅದೂ ಆರಲು ಬಿಡುವಿಲ್ಲದೆ, ತಿರುವಿನ ಮೇಲೆ ತಿರುವು. ಸೆಕೆಂಡ್ ಗೇರಿನಲ್ಲಿ ಇಳಿದರೆ ಒಂದಷ್ಟನ್ನು ಎಂಜಿನ್ನೇ ಹೊರುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲು. ಎರಡೂ ಕೆಲಸಕ್ಕೆ ಒಂದೇ ಗಾಡಿ ಅಂದರೆ ನನ್ನ ತೀರ್ಮಾನ ಗಾಳಿಕಂಡಿ ಡಿಸ್ಕಿನ ಕಡೆಗೇ. ಓಟದಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಚಿಂತೆಯಿಲ್ಲ, ಮನೆಗೆ ಕ್ಷೇಮವಾಗಿ ಬಾ.

ಪ್ಯಾಡಿನ ವಿಷಯದಲ್ಲಿ ಹುಡುಗರು ಮೋಸ ಹೋಗುತ್ತಾರೆ. ‘ರೇಸಿಂಗ್ ಪ್ಯಾಡ್’ ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಕಣ್ಣು ಮುಚ್ಚಿ ತರುತ್ತಾರೆ. ಅಂಥ ಪ್ಯಾಡ್ ಚೆನ್ನಾಗಿ ಕಾದ ಮೇಲೆ ಕಚ್ಚುವಂಥದ್ದು, ಸುತ್ತು ಹಾಕುವ ಓಟಕ್ಕೆ ಮಾಡಿದ್ದು. ಡ್ರ್ಯಾಗ್ ಗಾಡಿಯ ಡಿಸ್ಕ್ ಬ್ರೇಕ್ ಒತ್ತುವ ಹೊತ್ತಿಗೆ ತಣ್ಣಗಿರುತ್ತದೆ. ತಣ್ಣಗಿದ್ದಾಗಲೇ ಕಚ್ಚುವ, ರಸ್ತೆ ಗಾಡಿಗೆ ಮಾಡಿದ ಒಳ್ಳೆಯ ಕಂಪನಿಯ ಪ್ಯಾಡ್ ತಗೋ. ಜೆ.ಸಿ. ರಸ್ತೆಯಲ್ಲಿ ಬಿಲ್ ಕೊಡುವ ಅಂಗಡಿಯಲ್ಲೇ ತಗೋ. ಗುಜರಿಯಿಂದ ಬಾಗಿಲಿನ ಹ್ಯಾಂಡಲ್ ತಂದರೆ ಪರವಾಗಿಲ್ಲ. ಕ್ಯಾಲಿಪರ್ ತಂದರೆ ಒಳಗಿನ ಸೀಲು, ಪಿಸ್ಟನ್ನು ಹೊಸದು ಹಾಕದೆ ಗಾಡಿಗೆ ಏರಿಸಬೇಡ.

ಇನ್ನು ಮಾಸ್ಟರ್ ಸಿಲಿಂಡರ್. ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ, ಕಡಿಮೆ ಕೊಡುವುದೂ ಇದಕ್ಕೇ. ಡ್ರಮ್ಮಿನೊಳಗಿನ ಒಂದು ಶೂ ತಿರುಗುವ ಡ್ರಮ್ಮಿನ ಜೊತೆ ತಾನೇ ಎಳೆದುಕೊಂಡು ಬಿಗಿಯಾಗುತ್ತದೆ, ಅದಕ್ಕೇ ಬೂಸ್ಟರ್ ಇಲ್ಲದಿದ್ದರೂ ಕಾಲಿಗೆ ಹಗುರ. ಡಿಸ್ಕಿಗೆ ಆ ಗುಣವಿಲ್ಲ, ಎಷ್ಟು ತುಳಿದೆಯೋ ಅಷ್ಟೇ. ಪೆಡಲ್ ಗಟ್ಟಿ ಅನ್ನಿಸಿತೆಂದು ದೊಡ್ಡ ಸಿಲಿಂಡರ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ: 19 ಮಿ.ಮೀ. ಬೋರಿನಿಂದ 22ಕ್ಕೆ ಹೋದರೆ ಅದೇ ಒತ್ತಡಕ್ಕೆ ಮೂರನೇ ಒಂದರಷ್ಟು ಹೆಚ್ಚು ತುಳಿಯಬೇಕು. ತೀರಾ ಚಿಕ್ಕದಾದರೆ ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಬೇಕಾದಷ್ಟು ಆಯಿಲ್ ಹೋಗದೆ ಪೆಡಲ್ ನೆಲಕ್ಕೆ ತಾಗುತ್ತದೆ. ಕ್ಯಾಲಿಪರ್ ಯಾವ ಗಾಡಿಯದೋ ಆ ಗಾಡಿಯ ಮಾಸ್ಟರ್ ಸಿಲಿಂಡರಿನ ಬೋರ್ ಎಷ್ಟಿದೆ ನೋಡಿ ಅಲ್ಲಿಂದ ಶುರು ಮಾಡು. ಬೂಸ್ಟರ್ ಹಾಕುವುದಾದರೆ ಇದನ್ನೂ ಕೇಳಿಕೋ. ಓಟಕ್ಕೆಂದು ಕ್ಯಾಮ್ ಬದಲಿಸಿದ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಕಮ್ಮಿಯಾಗುತ್ತದೆ, ವ್ಯಾಕ್ಯೂಮ್ ಇಲ್ಲದ ಬೂಸ್ಟರ್ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಗೇಜ್ ಹಾಕಿ ನೋಡಿಸಿ ಆಮೇಲೆ ಕೊಳ್ಳು.

ಡ್ರಮ್ಮಿನ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಒಂದು ಚಿಕ್ಕ ಚೆಕ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಕೊಂಚ ಒತ್ತಡ ಹಿಡಿದಿಡುವುದು ಅದರ ಕೆಲಸ. ಮುಂದಿನ ಲೈನಿನಲ್ಲಿ ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಡಿಸ್ಕನ್ನು ಸದಾ ಸವರುತ್ತಲೇ ಇರುತ್ತದೆ. ಎಂಜಿನ್ನಿಗೆ ಖರ್ಚು ಮಾಡಿದ ದುಡ್ಡೆಲ್ಲ ಅಲ್ಲಿ ಸುಟ್ಟುಹೋಗುತ್ತದೆ. ಮುಂದಕ್ಕೆ ತೆಗೆಸು, ಹಿಂದಿನ ಡ್ರಮ್ಮಿಗೆ ಇರಲಿ. ಅದಕ್ಕಿಂತ ಮೊದಲು, ಹಳೆಯ ಗಾಡಿಗಳಲ್ಲಿದ್ದ ಒಂಟಿ ಸರ್ಕ್ಯೂಟ್ ಇನ್ನೂ ಇದ್ದರೆ ಕಿತ್ತು ಹಾಕಿ ಜೋಡಿ ಸರ್ಕ್ಯೂಟಿನ ಸಿಲಿಂಡರ್ ಕೂರಿಸು. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ ಅನ್ನುವ ಏರ್ಪಾಡಿನ ಮೇಲೆ 120 ಓಡಿಸಲು ನಾನು ಒಪ್ಪುವುದಿಲ್ಲ. ಮುಂದಿನದು ಬೇರೆ, ಹಿಂದಿನದು ಬೇರೆ ಆದರೆ ಮುಂದಿನ ಚಕ್ರ ಮಾತ್ರ ಹಿಡಿದಿಟ್ಟು ಹಿಂದಿನ ಟೈರ್ ಕಾಯಿಸುವ ಲೈನ್ ಲಾಕನ್ನೂ ಆಮೇಲೆ ಸೇರಿಸಬಹುದು.

ಕ್ಯಾಲಿಪರ್ ಕೂರಿಸುವ ಬ್ರಾಕೆಟ್ಟು, ಹಬ್ಬಿಗೆ ಡಿಸ್ಕ್ ಜೋಡಿಸುವ ಕೆಲಸ ಪೀಣ್ಯದಲ್ಲಾಗಲಿ ದೊಡ್ಡಬಳ್ಳಾಪುರದಲ್ಲಾಗಲಿ ಲೇತ್‌ನಲ್ಲಿ ಆಗುತ್ತದೆ. ಎದುರಿಗೆ ನಿಂತು ಮಾಡಿಸು. ದಪ್ಪ ಉಕ್ಕಿನ ತಗಡಿನಿಂದ ಒಂದೇ ತುಂಡಾಗಿ ಕತ್ತರಿಸಿದ ಬ್ರಾಕೆಟ್ ಇರಲಿ. ಎರಡು ತುಂಡು ಸೇರಿಸಿ ವೆಲ್ಡಿಂಗ್ ಮಾಡಿದ್ದು ಬೇಡ. ಡಿಸ್ಕ್ ಹಬ್ಬಿನ ಮೇಲೆ ಕೂತ ಮೇಲೆ ಡಯಲ್ ಗೇಜ್ ಇಟ್ಟು ನಿಧಾನ ತಿರುಗಿಸಿ ನೋಡು. ಮುಳ್ಳು 0.1 ಮಿ.ಮೀ.ಗಿಂತ ಹೆಚ್ಚು ಅಲ್ಲಾಡಿದರೆ ಬಿಚ್ಚಿ ಮತ್ತೆ ಕೂರಿಸು, ಹಾಗೇ ಬಿಟ್ಟರೆ ಪೆಡಲ್ ಕಾಲಡಿ ಕುಣಿಯುತ್ತದೆ. ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ ಮೇಲ್ಗಡೆಯೇ ಬರಬೇಕು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗಾಗಿ, ದಿನವಿಡೀ ಬ್ಲೀಡ್ ಮಾಡಿದರೂ ಏರ್ ಹೋಗುವುದಿಲ್ಲ. ಪೆಡಲ್ ಮೆತ್ತಗೇ ಇರುತ್ತದೆ, ಮೆಕ್ಯಾನಿಕ್ ಸಿಲಿಂಡರನ್ನು ಬೈಯುತ್ತಾ ಕೂರುತ್ತಾನೆ. ರಬ್ಬರ್ ಹೋಸ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು, ಜಾಕಿ ಮೇಲೆ ಚಕ್ರ ನೇತಾಡುವಾಗೊಮ್ಮೆ, ನೆಲಕ್ಕಿಳಿಸಿದ ಮೇಲೊಮ್ಮೆ. ಎಲ್ಲೂ ತಿರುಚಬಾರದು, ಟೈರಿಗೆ ಸವರಬಾರದು. ಇದೆಲ್ಲಕ್ಕೂ ಮುಂಚೆ ಕ್ಯಾಲಿಪರನ್ನು ಚಕ್ರದ ರಿಮ್ಮಿನೊಳಗೆ ಹಿಡಿದು ಜಾಗ ಅಳೆ. ಡಿಸ್ಕ್ ಕೊಂಡಾದ ಮೇಲೆ ರಿಮ್ ಕೂರಲಿಲ್ಲ ಅಂತ ದೊಡ್ಡ ರಿಮ್ ಹುಡುಕುವುದು ಸುಮ್ಮನೆ ದುಡ್ಡು ದಂಡ.

ಬ್ರೇಕ್ ಆಯಿಲ್ ಡಾಟ್ 4 ಹಾಕು. ಹೊಸದಿದ್ದಾಗ ಅದು 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಈ ಎರಡರ ನಡುವಿನ ಅಂತರ ಕಾಲಿಗೆ ಗೊತ್ತಾಗುತ್ತದೆ. ಪ್ರತಿ ವರ್ಷ ಬದಲಿಸು, ಮುಚ್ಚಳ ತೆಗೆದಿಟ್ಟ ಹಳೆಯ ಡಬ್ಬಿಯದನ್ನು ಸುರಿಯಬೇಡ.

ಹೊಸ ಪ್ಯಾಡ್ ಹದಕ್ಕೆ ಬರಲು 50ರಿಂದ 10ಕ್ಕೆ ಮೆಲ್ಲಗೆ ಹತ್ತಾರು ಸಲ ಇಳಿಸು, ನಡುವೆ ಆರಲು ಬಿಡು, ಬಿಸಿಯಿರುವಾಗ ಪೆಡಲ್ ಒತ್ತಿಕೊಂಡು ನಿಲ್ಲಬೇಡ. ಇಷ್ಟಕ್ಕೆ ಹಳ್ಳಿ ರಸ್ತೆ ಸಾಕು. ಆದರೆ ವೇಗದ ಪರೀಕ್ಷೆಯನ್ನು ದೇವನಹಳ್ಳಿಯ ಏರ್‌ಪೋರ್ಟ್ ರಸ್ತೆಯಲ್ಲಿ ಇಲ್ಲವೇ ದಾಬಸ್‌ಪೇಟೆಯಿಂದ ಹೊಸಕೋಟೆಗೆ ಹೋಗುವ ಹೊಸ ಹೆದ್ದಾರಿಯಲ್ಲಿ ಮಾಡುತ್ತೇನೆ ಅಂದರೆ ಈ ಕೆಲಸವೇ ಬೇಡ. ಆ ಅಗಲ ರಸ್ತೆಗೆ ಊರೂರಿನಿಂದ ಟ್ರ್ಯಾಕ್ಟರು, ಹಾಲಿನ ಬೈಕು, ಸ್ಕೂಲ್ ಮಕ್ಕಳು ಬಂದು ಸೇರುತ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆ ಮೇಲಿನ ಓಟದ ಪಂದ್ಯವನ್ನು ಜೈಲು ಶಿಕ್ಷೆಯ ಅಪರಾಧ ಮಾಡಿದೆ. ದೇಶದ ಮೋಟಾರು ಓಟಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಪರವಾನಗಿ ಪಡೆದು, ಒಪ್ಪಿಗೆ ಇರುವ ಓಟಕ್ಕೆ ಹೋಗು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕು ಇಲ್ಲಿಂದ ಒಂದು ದಿನದ ಪ್ರಯಾಣವೂ ಅಲ್ಲ.

ಆರ್‌ಟಿಒ ಮಾತು ಒಂದಿದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎಂದು 52ನೇ ಕಲಂ ಹೇಳುತ್ತದೆ. ದೇವನಹಳ್ಳಿಯ ಕೆಎ-43 ಆಗಲಿ, ನೆಲಮಂಗಲದ ಕೆಎ-52 ಆಗಲಿ, ನಿನ್ನ ಗಾಡಿ ಯಾವ ಕಚೇರಿಯದೋ ಅಲ್ಲಿ ಮೊದಲೇ ಬರವಣಿಗೆಯಲ್ಲಿ ಕೇಳು. ಷಾಸಿ, ಸ್ಟಬ್ ಆಕ್ಸಲ್ ಕತ್ತರಿಸುವ ಕಿಟ್ಟನ್ನಂತೂ ಮುಟ್ಟಲೇಬೇಡ. ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತೆ ಆಗಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಮೂಲ ರೂಪದಲ್ಲಿರಬೇಕು; ಷಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಅದಕ್ಕೇ ಎಂಜಿನ್ನಿನಿಂದ ಬಿಚ್ಚಿದ ಹಳೆಯ ಭಾಗಗಳನ್ನೂ, ಈಗ ಬಿಚ್ಚುವ ಡ್ರಮ್ಮು, ಬ್ಯಾಕ್ ಪ್ಲೇಟು, ಹಬ್ಬು, ವೀಲ್ ಸಿಲಿಂಡರನ್ನೂ ಗುಜರಿಯವನಿಗೆ ಕೊಡಬೇಡ. ಗ್ರೀಸ್ ಸವರಿ, ಎಡ ಬಲ ಅಂತ ಚೀಟಿ ಕಟ್ಟಿ, ಅಟ್ಟದ ಮೇಲೆ ಇಡು.